ಗುರುಪುರ ಹೊಳೆಯ ತಿರುವು

ಜಿಲ್ಲೆಯ ಭೂಪಟವನ್ನು ಬರೆಯಲು ಹೇಳಿದರೆ, ನಮ್ಮ ಬಾಲಿಕೆಯರಲ್ಲಿ ಹಲವರು ಗುರುಪುರ ಹೊಳೆಯನ್ನು ಕೂಳೂರಿನಿಂದ ನೆಟ್ಟಗೆ ಕಡಲಿಗೆ ಸೇರಿಸಿಬಿಡುವರು. ಇದು ತಪ್ಪು, ಆದರೆ ವಿಚಾರಿಸತಕ್ಕ ತಪ್ಪು.

ಫಲ್ಗುಣಿಯೆಂಬ ಹೆಸರೂ ಉಳ್ಳ ಈ ಹೊಳೆಯು ಪಶ್ಚಿಮ ಘಟ್ಟಗಳಲ್ಲಿ ಹುಟ್ಟಿ, ವೇಣೂರು, ಗುರುಪುರಗಳನ್ನು ದಾಟಿ, ಗದ್ದೆ ತೋಟಗಳ ತಗ್ಗು ಭೂಮಿಗಿಳಿದು ಕೂಳೂರಿಗೆ ಬರುತ್ತದೆ. ಅಲ್ಲಿ ಕಡಲು ಸಮೀಪದಲ್ಲಿದ್ದರೂ, ತೆರೆಗಳು ತಂದೊಟ್ಟಿದ ಮಳಲಿನ ದಿಣ್ಣೆಯು ಅಡ್ಡವಾಗಿರುವುದರಿಂದ ದಕ್ಷಿಣಕ್ಕೆ ತಿರುಗಿ, ತಣ್ಣೀರುಬಾವಿ, ಬೆಂಗ್ರೆಗಳನ್ನು ಬಲಕ್ಕಿಟ್ಟು ಹರಿದು, ನೇತ್ರಾವತಿಯೊಡನೆ ಒಂದೇ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತದೆ.

ಆ ದಿಣ್ಣೆಯ ಮರೆಯಲ್ಲಿ ನೀರು ಶಾಂತವಾಗಿದ್ದುದರಿಂದಲೇ ಮಂಗಳೂರಿಗೆ ಹಳೇ ಬಂದರವು ದೊರೆಯಿತು. ವೈರಿಗಳ ಹಡಗುಗಳು ಒಳಗೆ ಬಾರದಂತೆ ಟಿಪ್ಪು ಸುಲ್ತಾನನು 1784ರಲ್ಲಿ ಬೋಳೂರಿನ ದಡದಲ್ಲಿ ಬತ್ತೇರಿಯನ್ನು ಕಟ್ಟಿಸಿದನು. 1865ರಲ್ಲಿ ಬಾಸೆಲ್ ಮಿಶನಿನವರು ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ, ಈ ಎರಡು ಹೊಳೆಗಳ ದಡದ ಆವೆಮಣ್ಣು ಹಂಚಾಗಿ, ಮಂಜಿಗಳನ್ನೇರಿ ದೂರದ ಊರುಗಳಿಗೆ ಹೋಯಿತು. 1974ರಲ್ಲಿ ಪಣಂಬೂರಿನ ಹೊಸ ಬಂದರು ಪ್ರಮುಖ ಬಂದರೆಂದು ಘೋಷಿಸಲ್ಪಡಲು, ದೊಡ್ಡ ವ್ಯಾಪಾರವು ಅತ್ತ ಸರಿಯಿತು.

ಬೇಸಗೆಯಲ್ಲಿ ಹೊಳೆ ಸೊರಗಿದಾಗ ಭರತದೊಡನೆ ಉಪ್ಪುನೀರು ಮೇಲೇರಿ ಬರುತ್ತದೆ. ಊರಿನ ಕೊಳಚೆಯನ್ನು ಕಡಲಿಗೆ ನೂಕುವ ಬಲವು ಆಗ ಹೊಳೆಗಿರದು. ಹೀಗಿರಲು, ಎಸೆದುದೆಲ್ಲ ಕಡಲು ಸೇರಿತೆಂದು ನಾವು ನಂಬುವುದು, ಭೂಪಟದ ಆ ನೆಟ್ಟಗಿನ ಗೆರೆಯಷ್ಟೇ ತಪ್ಪು.

ತಾಯಿತಂದೆಗಳೇ, ಹಳೇ ವಿದ್ಯಾರ್ಥಿನಿಯರೇ, ಭರತದ ವೇಳೆಯಲ್ಲಿ ನಿಮ್ಮ ಮಕ್ಕಳನ್ನು ಸುಲ್ತಾನ್ ಬತ್ತೇರಿಯ ಕಡವಿಗೆ ಕರೆದೊಯ್ಯಿರಿ. ನಾವು ಎಸೆದುದು ಹಿಂದಿರುಗಿ ಬರುವುದನ್ನು ಅವರು ಕಣ್ಣಾರೆ ಕಾಣಲಿ.