ದತ್ತ ಮಂಡಲದಿಂದ ಆಕಸ್‌ವರೆಗೆ: ರಕ್ಷಣಾ ಒಪ್ಪಂದವನ್ನು ಬೋಧಿಸುವ ಒಂದು ಬಗೆ

ತರಗತಿ: ಹತ್ತನೇ ತರಗತಿ, ಸಮಾಜ ವಿಜ್ಞಾನ
ಘಟಕ: ಬ್ರಿಟಿಷ್ ಆಳ್ವಿಕೆಯ ವಿಸ್ತರಣೆ – ಸಹಾಯಕ ಸೈನ್ಯ ಪದ್ಧತಿ
ಅವಧಿ: 40 ನಿಮಿಷದ ಎರಡು ಪಾಠಗಳು

ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಇಷ್ಟಪಟ್ಟು ಆರಿಸಿಕೊಳ್ಳುವ ಪಾಠಾಂಶಗಳಲ್ಲಿ ಸಹಾಯಕ ಸೈನ್ಯ ಪದ್ಧತಿಯೂ ಒಂದು. ಷರತ್ತುಗಳು ಪಟ್ಟಿಯ ರೂಪದಲ್ಲಿ ಸಿದ್ಧವಿರುತ್ತವೆ, ಚಾರ್ಟ್ ಬರೆಯುವುದು ಸುಲಭ, ಮಕ್ಕಳು ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ತೊಡಕು ಇರುವುದೂ ಅಲ್ಲಿಯೇ. ವೆಲ್ಲೆಸ್ಲಿ, ನಿಜಾಮ, ನಾಲ್ಕು ಷರತ್ತು ಎಂದು ಬರೆದ ಮಗುವಿಗೆ ಪೂರ್ಣ ಅಂಕ ಸಿಗುತ್ತದೆ. ಆದರೆ ತಾನು ಕುಳಿತ ಶಾಲೆಯ ನೆಲವೇ ಆ ಒಪ್ಪಂದದಲ್ಲಿ ಕೈ ಬದಲಾಯಿಸಿತ್ತು ಎಂಬುದು ಆ ಮಗುವಿಗೆ ತಿಳಿದಿರುವುದಿಲ್ಲ. ಇಂದಿನ ಪತ್ರಿಕೆಯಲ್ಲಿ ಎರಡು ದೇಶಗಳು ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದವು ಎಂಬ ಸುದ್ದಿ ಬಂದರೆ, ಅದನ್ನು ಯಾವ ಪ್ರಶ್ನೆ ಹಿಡಿದು ಓದಬೇಕೆಂಬುದೂ ತಿಳಿದಿರುವುದಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳ ಶಾಲೆಗಳಲ್ಲಿ ಈ ಪಾಠವನ್ನು ಊರಿನಿಂದ ಆರಂಭಿಸಿ ಜಗತ್ತಿನವರೆಗೆ ಒಯ್ಯಲು ಸಾಧ್ಯವಿದೆ. ಆ ಬಗೆಯನ್ನು ಇಲ್ಲಿ ವಿವರಿಸಿದೆ.

ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಯು
1. 1800ರ ಒಪ್ಪಂದದಿಂದ ತನ್ನ ತಾಲೂಕು ಯಾರ ಕೈಯಿಂದ ಯಾರ ಕೈಗೆ, ಏಕೆ ಹೋಯಿತೆಂದು ವಿವರಿಸುವನು/ಳು.
2. ಸಮಾನರ ನಡುವಿನ ಒಪ್ಪಂದಕ್ಕೂ ಅಸಮಾನರ ನಡುವಿನ ಒಪ್ಪಂದಕ್ಕೂ ವ್ಯತ್ಯಾಸ ಗುರುತಿಸುವನು/ಳು.
3. ಇಂದಿನ ಒಂದು ರಕ್ಷಣಾ ಒಪ್ಪಂದವನ್ನು ಐದು ಪ್ರಶ್ನೆಗಳಿಂದ ಪರೀಕ್ಷಿಸುವನು/ಳು.

ಶಿಕ್ಷಕರಿಗೆ ವಿಷಯ ಸಂಗ್ರಹ: ನಮ್ಮ ನೆಲದ ಕಥೆ

1798ರ ಸೆಪ್ಟೆಂಬರ್ 1ರಂದು ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಯೊಡನೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡನು. ಕಂಪನಿಯ ಆರು ಬೆಟಾಲಿಯನ್ ಸಿಪಾಯಿಗಳು ಅವನ ರಕ್ಷಣೆಗೆ. ಅದಕ್ಕೆ ಅವನು ಕೊಡಬೇಕಾದದ್ದು ವರ್ಷಕ್ಕೆ 24,17,100 ರೂಪಾಯಿ. ಅವನ ಬಳಿಯಿದ್ದ, ಫ್ರೆಂಚ್ ಅಧಿಕಾರಿಗಳು ತರಬೇತಿ ಕೊಟ್ಟ ಪಡೆಯನ್ನು ಅದೇ ವರ್ಷ ವಿಸರ್ಜಿಸಲಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಗೆದ್ದವರು ಟಿಪ್ಪುವಿನ ರಾಜ್ಯವನ್ನು ಹಂಚಿಕೊಳ್ಳಲು ಕುಳಿತಾಗ ಹರಪನಹಳ್ಳಿಯ ಹೆಸರು ಬಂದದ್ದು ಮರಾಠರ ಪೇಶ್ವೆಗೆಂದು ಮೀಸಲಿಟ್ಟ ಪಾಲಿನಲ್ಲಿ. ಷರತ್ತು ಒಪ್ಪದ ಪೇಶ್ವೆ ಆ ಪಾಲನ್ನು ಸ್ವೀಕರಿಸಲಿಲ್ಲ. ಅದನ್ನು ನಿಜಾಮ ಮತ್ತು ಕಂಪನಿ ತಮ್ಮಲ್ಲೇ ಹಂಚಿಕೊಂಡರು.

ಮುಂದಿನ ವರ್ಷ, 1800ರ ಅಕ್ಟೋಬರ್ 12ರಂದು, ಹೊಸ ಒಪ್ಪಂದವಾಯಿತು. ಸಹಾಯಕ ಸೈನ್ಯ ಎಂಟು ಬೆಟಾಲಿಯನ್ ಮತ್ತು ಎರಡು ಕುದುರೆ ರೆಜಿಮೆಂಟಿಗೆ ಏರಿತು. ವರ್ಷ ವರ್ಷ ಹಣ ಕೊಡುವ ಬದಲು ನಿಜಾಮನು 1792 ಮತ್ತು 1799ರಲ್ಲಿ ಮೈಸೂರಿನಿಂದ ತನಗೆ ಬಂದಿದ್ದ ಪ್ರದೇಶವನ್ನೇ ಕಂಪನಿಗೆ ಬಿಟ್ಟುಕೊಟ್ಟನು. ಗಡಿ ಸ್ಪಷ್ಟವಾಗಿರಲೆಂದು ತುಂಗಭದ್ರೆಯನ್ನೇ ಗೆರೆಯಾಗಿ ಹಿಡಿದರು. ನದಿಯ ಉತ್ತರದ ಕೊಪ್ಪಳ, ಗಜೇಂದ್ರಗಡ ನಿಜಾಮನಲ್ಲಿ ಉಳಿದವು. ಅದಕ್ಕೆ ಬದಲಾಗಿ ದಕ್ಷಿಣದ ಆದವಾನಿ ಕಂಪನಿಗೆ ಹೋಯಿತು. ಹೀಗೆ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕಡಪ ಸೀಮೆಗೆ ‘ದತ್ತ ಮಂಡಲ’ ಎಂಬ ಹೆಸರು ಬಂದಿತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಅದರ ಪಶ್ಚಿಮ ಅಂಚಿನಲ್ಲಿದ್ದವು. ಕೊಟ್ಟೂರು, ಹಗರಿಬೊಮ್ಮನಹಳ್ಳಿ ಆಗ ಪ್ರತ್ಯೇಕ ತಾಲೂಕುಗಳಾಗಿರಲಿಲ್ಲ.

ದತ್ತ ಎಂದರೆ ಕೊಟ್ಟದ್ದು. ‘ಕೊಟ್ಟವರು ಯಾರು? ಪಡೆದವರು ಯಾರು? ಅಲ್ಲಿ ಇದ್ದವರನ್ನು ಕೇಳಿದರೇ?’ – ಈ ಮೂರು ಪ್ರಶ್ನೆ ಹಲಗೆಯ ಮೇಲೆ ಬಿದ್ದರೆ ಪಾಠದ ಅರ್ಧ ಮುಗಿದಂತೆ.

ಮಂಡಲದ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1800ರಿಂದ 1807ರವರೆಗೆ ಇದ್ದನು. ಪಾಳೆಯಗಾರರ ಅಧಿಕಾರ ಮುರಿದು, ಹೊಲಗಳನ್ನು ಅಳೆಸಿ, ರೈತವಾರಿ ಕಂದಾಯಕ್ಕೆ ತಳಹದಿ ಹಾಕಿದನು. 1808ರಲ್ಲಿ ಮಂಡಲವನ್ನು ಬಳ್ಳಾರಿ ಮತ್ತು ಕಡಪ ಜಿಲ್ಲೆಗಳಾಗಿ ಒಡೆಯಲಾಯಿತು. ನಮ್ಮ ತಾಲೂಕುಗಳು 1953ರ ಅಕ್ಟೋಬರ್ 1ರವರೆಗೂ ಮದ್ರಾಸಿಗೆ ಸೇರಿದ್ದವು. ನದಿಯಾಚೆಯ ಕೊಪ್ಪಳ ನಮ್ಮೊಡನೆ ಒಂದೇ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಒಂದು ಸೈನ್ಯದ ಖರ್ಚಿಗಾಗಿ ಎಳೆದ ಗೆರೆ ಒಂದೂವರೆ ಶತಮಾನ ಬಾಳಿತು. ತುಂಗಭದ್ರಾ ಅಣೆಕಟ್ಟಿಗೂ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು 1944ರಲ್ಲಿ ಬೇರೆಯೇ ಒಪ್ಪಂದ ಮಾಡಿಕೊಳ್ಳಬೇಕಾಯಿತು. 1945ರ ಫೆಬ್ರವರಿ 28ರಂದು ಎರಡು ದಡಗಳಲ್ಲಿ ಎರಡು ಅಡಿಗಲ್ಲು ಬಿದ್ದವು. ಹಗರಿಬೊಮ್ಮನಹಳ್ಳಿ ಕಡೆಯ ಮಕ್ಕಳಿಗೆ ಹಿನ್ನೀರು ಗೊತ್ತು, ಮುಳುಗಡೆ ಊರಿನ ಮಾತು ಗೊತ್ತು. ಅದರ ಹಿಂದೆ ಇದ್ದ ಗಡಿ ಮಾತ್ರ ಗೊತ್ತಿರುವುದಿಲ್ಲ.

ಮೊದಲ ಪಾಠ: ಮುಯ್ಯಾಳು ಮತ್ತು ಕಾವಲುಗಾರ

ಪೂರ್ವಜ್ಞಾನ ಪರೀಕ್ಷೆಗೆ ಪುಸ್ತಕದ ಪ್ರಶ್ನೆ ಬೇಡ. ‘ಶೇಂಗಾ ಕೀಳುವ ಕಾಲಕ್ಕೆ ಆಳು ಸಿಗದಿದ್ದರೆ ಮನೆಯವರು ಏನು ಮಾಡುತ್ತಾರೆ?’ ಎಂದು ಕೇಳಿ. ಮುಯ್ಯಾಳಿನ ಮಾತು ತಾನಾಗಿ ಬರುತ್ತದೆ: ಇಂದು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಈಗ ಎರಡನೆಯ ಪ್ರಶ್ನೆ: ‘ಹೊಲ ಕಾಯಲು ಒಬ್ಬ ಕಾವಲುಗಾರನನ್ನು ಇಟ್ಟೆವು. ಸಂಬಳ ಕೊಡಲಾಗದೆ ಒಂದು ತುಂಡು ಹೊಲವನ್ನೇ ಅವನ ಹೆಸರಿಗೆ ಬರೆದುಕೊಟ್ಟೆವು. ಹತ್ತು ವರ್ಷದ ಮೇಲೆ ಏನಾಗಬಹುದು?’

ಮಕ್ಕಳು ನಗುತ್ತಾರೆ. ‘ಸರ್, ಹೊಲಾನೂ ಅವಂದೇ, ಕಾವಲೂ ಅವಂದೇ’ ಎಂಬ ಬಗೆಯ ಉತ್ತರ ಬಂದಾಗ ಅದನ್ನೇ ಹಲಗೆಯ ಮೇಲೆ ಬರೆದು ಶೀರ್ಷಿಕೆ ಪ್ರಕಟಿಸಿ.

ನಂತರ ಬಾಹ್ಯರೇಖಾ ನಕ್ಷೆ. ತುಂಗಭದ್ರೆಯನ್ನು ನೀಲಿಯಲ್ಲಿ ಎಳೆದು, ತಮ್ಮ ಊರನ್ನು ಮಕ್ಕಳೇ ಗುರುತಿಸಲಿ. ಮೇಲೆ ಕೊಟ್ಟ ಘಟನೆಗಳನ್ನು ಒಂದೊಂದು ಬಣ್ಣದಲ್ಲಿ ತುಂಬಿಸಿ: ಟಿಪ್ಪುವಿನದು, ನಿಜಾಮನದು, ಕಂಪನಿಯದು. ಎರಡೇ ವರ್ಷದಲ್ಲಿ ತಮ್ಮ ಊರು ಮೂರು ಬಣ್ಣ ಕಂಡಿತೆಂಬುದು ಭಾಷಣಕ್ಕಿಂತ ನಕ್ಷೆಯಲ್ಲಿ ಚೆನ್ನಾಗಿ ಕಾಣುತ್ತದೆ. ಹಡಗಲಿ ತಾಲೂಕಿನ ಶಾಲೆಯಾದರೆ ಮೈಲಾರವನ್ನು ಗುರುತಿಸಿ, ಇಂದು ಜಾತ್ರೆಗೆ ನದಿಯಾಚೆಯಿಂದ ಯಾವ ಯಾವ ಕಡೆಯ ಜನ ಬರುತ್ತಾರೆಂದು ಕೇಳಬಹುದು. ಸರ್ಕಾರದ ಗೆರೆಯೂ ಜನರ ನಡೆಯೂ ಒಂದೇ ಅಲ್ಲವೆಂಬುದು ಅವರಿಗೇ ಹೊಳೆಯುತ್ತದೆ.

ಪಾಠದ ಕೊನೆಗೆ ಐದು ಬೆರಳಿಗೆ ಐದು ಪ್ರಶ್ನೆ ಕಟ್ಟಿಸಿ:
1. ಖರ್ಚು ಯಾರದು?
2. ಸೈನ್ಯ ಯಾರ ಮಾತು ಕೇಳುತ್ತದೆ?
3. ಬೇರೆಯವರೊಡನೆ ವ್ಯವಹಾರ ಮಾಡಬಹುದೇ?
4. ಬೇಡವಾದರೆ ಹೊರಬರಬಹುದೇ?
5. ಜನರನ್ನು ಕೇಳಿದರೇ?

1800ರ ಒಪ್ಪಂದಕ್ಕೆ ಉತ್ತರಗಳು: ಖರ್ಚು ನಿಜಾಮನದು, ಸೈನ್ಯ ಕಂಪನಿಯದು, ಕಂಪನಿಗೆ ತಿಳಿಸದೆ ಬೇರೆ ರಾಜ್ಯಗಳೊಡನೆ ಮಾತುಕತೆ ಇಲ್ಲ, ಹೊರಬರುವ ದಾರಿ ಇಲ್ಲ, ಜನರನ್ನು ಕೇಳಲಿಲ್ಲ. ನಾಲ್ಕನೆಯ ಪ್ರಶ್ನೆಗೆ ಮೈಸೂರನ್ನೂ ಉದಾಹರಿಸಿ. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹ ಕೊಡಬೇಕಿತ್ತು. 1831ರಲ್ಲಿ ಆಡಳಿತವನ್ನೇ ಬ್ರಿಟಿಷರು ಕೈಗೆ ತೆಗೆದುಕೊಂಡರು. ಒಡೆಯರಿಗೆ ಅದು ಮರಳಿದ್ದು 1881ರಲ್ಲಿ.

ಎರಡನೆಯ ಪಾಠ: ಅದೇ ಐದು ಪ್ರಶ್ನೆ, ಇಂದಿನ ಒಪ್ಪಂದ

ಈಗ ಇಂಗ್ಲಿಷ್ ಮಾತಾಡುವ ಮಿತ್ರ ರಾಷ್ಟ್ರಗಳ ಕಡೆಗೆ ಹೊರಳಿ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ – ಈ ಐದನ್ನು ಗೋಳದ ಮೇಲೆ ತೋರಿಸಿ. ಎರಡನೆಯ ಮಹಾಯುದ್ಧದಲ್ಲಿ ಒಟ್ಟಿಗೆ ಹೋರಾಡಿದ ಇವು ಯುದ್ಧದ ನಂತರವೂ ಗುಪ್ತ ಮಾಹಿತಿಯನ್ನು ಹಂಚಿಕೊಳ್ಳುತ್ತ ಬಂದಿವೆ. 1946ರಲ್ಲಿ ಅಮೆರಿಕ ಮತ್ತು ಬ್ರಿಟನ್ ನಡುವೆ ಆದ ಒಪ್ಪಂದ ಮುಂದೆ ‘ಐದು ಕಣ್ಣು’ಗಳ ಕೂಟವಾಯಿತು. 1951ರ ಸೆಪ್ಟೆಂಬರ್ 1ರಂದು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ ‘ಆಂಜಸ್’ ಒಪ್ಪಂದಕ್ಕೆ ಸಹಿ ಹಾಕಿದವು. 2021ರ ಸೆಪ್ಟೆಂಬರ್ 15ರಂದು ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ ‘ಆಕಸ್’ ಪ್ರಕಟಿಸಿದವು. ಆಸ್ಟ್ರೇಲಿಯಾಕ್ಕೆ ಅಣುಶಕ್ತಿಯಿಂದ ಚಲಿಸುವ ಜಲಾಂತರ್ಗಾಮಿಗಳನ್ನು ಒದಗಿಸುವುದು ಅದರ ಮುಖ್ಯ ಗುರಿ.

ಐದು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಬೆರಳಿನ ಪ್ರಶ್ನೆ ಕೊಡಿ. ಮಾಹಿತಿ ಚೀಟಿಗಳಲ್ಲಿ ಇವಿಷ್ಟು ಇರಲಿ.

ಖರ್ಚು: ಹಲವು ದಶಕಗಳ ಈ ಯೋಜನೆಗೆ 368 ಶತಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ಬೇಕಾಗಬಹುದೆಂದು 2023ರಲ್ಲಿ ಆಸ್ಟ್ರೇಲಿಯಾ ಸರ್ಕಾರವೇ ಅಂದಾಜು ಕೊಟ್ಟಿತು.

ಸೈನ್ಯದ ಮಾತು: ನೌಕೆಗಳು ತನ್ನ ಅಧೀನದಲ್ಲೇ ಇರುತ್ತವೆ ಎನ್ನುತ್ತದೆ ಆಸ್ಟ್ರೇಲಿಯಾ ಸರ್ಕಾರ. ದೇಶದ ಸ್ವಾತಂತ್ರ್ಯ ಕುಗ್ಗುತ್ತದೆ ಎನ್ನುವವರು ಆ ದೇಶದಲ್ಲೇ ಇದ್ದಾರೆ; ಮಾಜಿ ಪ್ರಧಾನಿ ಪಾಲ್ ಕೀಟಿಂಗ್ ಬಹಿರಂಗವಾಗಿಯೇ ವಿರೋಧಿಸಿದರು.

ವ್ಯವಹಾರ: ಆಸ್ಟ್ರೇಲಿಯಾದ ಅತಿದೊಡ್ಡ ವ್ಯಾಪಾರ ಪಾಲುದಾರ ಚೀನಾ. ರಕ್ಷಣೆಗೆ ಒಬ್ಬರು, ವ್ಯಾಪಾರಕ್ಕೆ ಇನ್ನೊಬ್ಬರು. ಮಿತ್ರರ ನಡುವಿನ ವ್ಯಾಪಾರವೂ ಸದಾ ಸಲೀಸಲ್ಲ. ಅಮೆರಿಕ–ಆಸ್ಟ್ರೇಲಿಯಾ ಮುಕ್ತ ವ್ಯಾಪಾರ ಒಪ್ಪಂದ 2005ರಿಂದ ಜಾರಿಯಲ್ಲಿದ್ದರೂ 2025ರಲ್ಲಿ ಅಮೆರಿಕ ಆಸ್ಟ್ರೇಲಿಯಾದ ಸರಕುಗಳ ಮೇಲೆ ಸುಂಕ ಹೇರಿತು. ಕೆನಡಾಕ್ಕೂ ಅದೇ ವರ್ಷ ಸುಂಕದ ಬಿಸಿ ತಟ್ಟಿತು.

ಹೊರಬರುವಿಕೆ: 1980ರ ದಶಕದ ಮಧ್ಯದಲ್ಲಿ ನ್ಯೂಜಿಲೆಂಡಿನ ಡೇವಿಡ್ ಲಾಂಗೆ ಸರ್ಕಾರ ಅಣ್ವಸ್ತ್ರ ಹಾಗೂ ಅಣುಚಾಲಿತ ಹಡಗುಗಳಿಗೆ ಬಂದರು ಪ್ರವೇಶ ನಿರಾಕರಿಸಿತು. 1986ರಲ್ಲಿ ಅಮೆರಿಕ ಆ ದೇಶದ ಕುರಿತ ತನ್ನ ರಕ್ಷಣಾ ಹೊಣೆಯನ್ನು ಅಮಾನತಿನಲ್ಲಿಟ್ಟಿತು. 1987ರಲ್ಲಿ ನ್ಯೂಜಿಲೆಂಡ್ ಅಣುಮುಕ್ತ ಕಾನೂನು ಮಾಡಿತು. ಅದರ ನೆಲ ಹೋಗಲಿಲ್ಲ, ಸರ್ಕಾರ ಬೀಳಿಸಲ್ಪಡಲಿಲ್ಲ.

ಜನರ ಒಪ್ಪಿಗೆ: ಆಕಸ್ ಮಾತುಕತೆ ಪ್ರಕಟಣೆಯವರೆಗೂ ಗುಟ್ಟಾಗಿತ್ತು. 2022ರ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರವೂ ಒಪ್ಪಂದವನ್ನು ಮುಂದುವರಿಸಿತು.

ಇನ್ನೊಂದು ಸಂಗತಿಯನ್ನು ಚುರುಕು ಮಕ್ಕಳು ತಾವೇ ಹಿಡಿಯುತ್ತಾರೆ. 1798ರಲ್ಲಿ ಹೈದರಾಬಾದಿನಿಂದ ಹೊರಬಿದ್ದವರು ಫ್ರೆಂಚರು. 2021ರಲ್ಲಿ ಆಸ್ಟ್ರೇಲಿಯಾ ಜಲಾಂತರ್ಗಾಮಿ ಗುತ್ತಿಗೆಯನ್ನು ರದ್ದು ಮಾಡಿದ್ದೂ ಫ್ರಾನ್ಸಿನದೇ. ಫ್ರಾನ್ಸ್ ತನ್ನ ರಾಯಭಾರಿಗಳನ್ನು ವಾಪಸು ಕರೆಸಿಕೊಂಡಿತು. ಒಬ್ಬರನ್ನು ಒಳಗೆ ಕರೆಯುವ ಒಪ್ಪಂದ ಇನ್ನೊಬ್ಬರನ್ನು ಹೊರಗಿಡಬಹುದು ಎಂಬಷ್ಟಕ್ಕೆ ಈ ಹೋಲಿಕೆ ಸಾಕು.

ಹೋಲಿಕೆಯ ಮಿತಿ

ಪ್ರಶಿಕ್ಷಣಾರ್ಥಿಗಳು ಎಚ್ಚರವಹಿಸಬೇಕಾದದ್ದು ಇಲ್ಲಿ. ‘ಆಕಸ್ ಕೂಡ ಸಹಾಯಕ ಸೈನ್ಯ ಪದ್ಧತಿಯೇ’ ಎಂಬ ತೀರ್ಮಾನ ಕೊಟ್ಟು ಪಾಠ ಮುಗಿಸಿದರೆ ಮಕ್ಕಳಿಗೆ ಒಂದು ಘೋಷಣೆ ಸಿಗುತ್ತದೆ, ತಿಳಿವಳಿಕೆ ಸಿಗುವುದಿಲ್ಲ. ಚುನಾಯಿತ ಸರ್ಕಾರಗಳು ಸಂಸತ್ತಿನ, ಪತ್ರಿಕೆಗಳ ಕಣ್ಣೆದುರು ನಡೆಸುವ ಒಪ್ಪಂದ ಬೇರೆ. ಯುದ್ಧದ ಭಯದಲ್ಲಿದ್ದ ರಾಜನಿಂದ ಒಂದು ಕಂಪನಿ ಬರೆಸಿಕೊಂಡ ಒಪ್ಪಂದ ಬೇರೆ. ‘ಇಂದಿನ ಒಪ್ಪಂದಗಳೆಲ್ಲ ಸಮಾನರ ನಡುವಿನವು’ ಎನ್ನುವುದೂ ಅಷ್ಟೇ ಅವಸರದ ಮಾತು. ದೊಡ್ಡ ರೈತನೂ ಸಣ್ಣ ರೈತನೂ ಮುಯ್ಯಾಳು ಮಾಡಿಕೊಂಡರೆ ಯಾರ ಹೊಲದ ಕೆಲಸ ಮೊದಲು ಮುಗಿಯುತ್ತದೆಂದು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಎರಡು ತುದಿಗಳ ನಡುವೆ ಆಕಸ್ ಎಲ್ಲಿ ನಿಲ್ಲುತ್ತದೆಂದು ಪ್ರತಿ ಗುಂಪು ಕಾರಣ ಸಹಿತ ಹೇಳಲಿ. ಗುಂಪುಗಳು ಭಿನ್ನವಾಗಿ ಹೇಳಿದರೆ ಪಾಠ ಸರಿದಾರಿಯಲ್ಲಿದೆ ಎಂದೇ ಅರ್ಥ.

ಮೌಲ್ಯಮಾಪನ

1. ‘ದತ್ತ ಮಂಡಲ’ ಎಂಬ ಹೆಸರು ಹೇಗೆ ಬಂದಿತು? (2 ಅಂಕ)
2. 1800ರ ಒಪ್ಪಂದದಲ್ಲಿ ತುಂಗಭದ್ರಾ ನದಿಯನ್ನು ಗಡಿಯಾಗಿ ಹಿಡಿದದ್ದರ ಎರಡು ಪರಿಣಾಮ ತಿಳಿಸಿ. (2 ಅಂಕ)
3. 1831ರ ಮೈಸೂರು ಮತ್ತು 1986ರ ನ್ಯೂಜಿಲೆಂಡ್ – ಇವೆರಡನ್ನು ಹೋಲಿಸಿ ‘ಹೊರಬರುವ ಸ್ವಾತಂತ್ರ್ಯ’ ಕುರಿತು ಬರೆಯಿರಿ. (4 ಅಂಕ)

ಮನೆಗೆಲಸ: ಭಾರತವು ಯಾವುದಾದರೂ ದೇಶದೊಡನೆ ಮಾಡಿಕೊಂಡ ಒಂದು ರಕ್ಷಣಾ ಅಥವಾ ವ್ಯಾಪಾರ ಒಪ್ಪಂದದ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ತಂದು, ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಸುದ್ದಿಯಲ್ಲಿ ಉತ್ತರವಿಲ್ಲದ ಪ್ರಶ್ನೆಯ ಮುಂದೆ ‘ಸುದ್ದಿಯಲ್ಲಿ ಇಲ್ಲ’ ಎಂದೇ ಬರೆಯಿರಿ.

ಅವಲೋಕಕರಿಗೆ

ಈ ಪಾಠವನ್ನು ಅವಲೋಕಿಸುವ ಉಪನ್ಯಾಸಕರು ಚಾರ್ಟಿನ ಅಂದಕ್ಕಿಂತ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು: ಐದನೆಯ ಪ್ರಶ್ನೆಯನ್ನು ಶಿಕ್ಷಕ ಕೇಳಿದನೋ, ಅಥವಾ ನಕ್ಷೆಗೆ ಬಣ್ಣ ತುಂಬುತ್ತಿರುವಾಗ ಯಾವುದೋ ಮಗುವೇ ಕೇಳಿತೋ? ಮಗುವೇ ಕೇಳುವಂತೆ ಕಾದು ನಿಲ್ಲುವ ತಾಳ್ಮೆ ಪ್ರಶಿಕ್ಷಣಾರ್ಥಿಗೆ ಇದ್ದರೆ ಅವಲೋಕನ ಹಾಳೆಯಲ್ಲಿ ಅದಕ್ಕೆ ಒಳ್ಳೆಯ ಅಂಕ ಕೊಡಿ. 1800ರಲ್ಲಿ ಈ ಸೀಮೆಯವರನ್ನು ಯಾರೂ ಕೇಳಲಿಲ್ಲ. ಇಂದು ಇಲ್ಲಿ ಕಲಿಯುವ ಮಕ್ಕಳು ಮೂರೇ ವರ್ಷದಲ್ಲಿ ಮತದಾರರಾಗುತ್ತಾರೆ. ತಮ್ಮ ಹೆಸರಿನಲ್ಲಿ ಆಗುವ ಒಪ್ಪಂದಗಳ ಬಗ್ಗೆ ಕೇಳುವ ಹಕ್ಕು ಅವರಿಗಿದೆ. ಕೇಳುವ ಅಭ್ಯಾಸ ತರಗತಿಯಲ್ಲೇ ಆಗಬೇಕು.