ಡೆತ್ ವ್ಯಾಲಿಯ ಹಾದಿಯಲ್ಲಿ ಹಳೆಯ ಕಾರುಗಳು

ಕ್ಯಾಲಿಫೋರ್ನಿಯದ ಪೂರ್ವದಂಚಿನಲ್ಲಿ, ನೆವಾಡ ರಾಜ್ಯದ ಗಡಿಗೆ ತಾಗಿದಂತೆ ಹರಡಿರುವ ಡೆತ್ ವ್ಯಾಲಿಯು ಭೂಮಿಯ ಅತ್ಯಂತ ಬಿಸಿಯಾದ ತಾಣಗಳಲ್ಲಿ ಒಂದಾಗಿದ್ದು, ಅಲ್ಲಿನ ಫರ್ನೆಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ವಿಶ್ವ ಹವಾಮಾನ ಸಂಸ್ಥೆಯು ಇಂದಿಗೂ ಜಾಗತಿಕ ದಾಖಲೆಯೆಂದೇ ಪರಿಗಣಿಸಿದೆ. ನವೆಂಬರಿನಿಂದ ಮಾರ್ಚಿನವರೆಗೆ ಮಾತ್ರ ಈ ಕಣಿವೆ ಮನುಷ್ಯರಿಗೂ ಯಂತ್ರಗಳಿಗೂ ಸಹನೀಯವಾಗುವುದರಿಂದ, ಹಳೆಯ ಕಾರುಗಳನ್ನು ಜತನದಿಂದ ಉಳಿಸಿಕೊಂಡಿರುವವರ ಸಂಘಗಳು ತಮ್ಮ ವಾರಾಂತ್ಯದ ಪ್ರವಾಸಗಳನ್ನು ಈ ತಿಂಗಳುಗಳಲ್ಲಿಯೇ ಏರ್ಪಡಿಸುತ್ತವೆ. ಇಂಥ ಕಾರುಗಳು ವಸ್ತುಸಂಗ್ರಹಾಲಯದಲ್ಲಿ ನಿಲ್ಲುವುದಕ್ಕಿಂತ ರಸ್ತೆಯಲ್ಲಿ ಓಡಬೇಕೆಂಬ ನಿಲುವು ಆ ಸೀಮೆಗೆ ಹೊಸದಲ್ಲ; ಕುದುರೆಯಿಲ್ಲದ ಗಾಡಿಗಳ ಹೆಸರು ಹೊತ್ತ ಹಾರ್ಸ್‌ಲೆಸ್ ಕ್ಯಾರೇಜ್ ಕ್ಲಬ್ ಆಫ್ ಅಮೆರಿಕ ಹುಟ್ಟಿದ್ದು 1937ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ. ಇಂಥ ಪ್ರವಾಸಗಳಲ್ಲಿ ಪಾಲ್ಗೊಂಡ ಲೇಖಕನ ಅನುಭವದಲ್ಲಿ, ಮರುಭೂಮಿಯಲ್ಲಿ ಹಳೆಯ ಕಾರನ್ನು ಕಾಯುವುದು ಎಂಜಿನ್ನಿನ ಬಲಕ್ಕಿಂತ ಹೆಚ್ಚಾಗಿ ಯೋಜನೆಯೊಳಗೆ ಮೊದಲೇ ಇಟ್ಟುಕೊಂಡ ಬಿಡುವು, ಅಂದರೆ ಹೆಚ್ಚುವರಿ ಸಮಯ, ಹೆಚ್ಚುವರಿ ನೀರು ಮತ್ತು ಒಂದು ಕಾರಿಗೂ ಇನ್ನೊಂದಕ್ಕೂ ನಡುವಿನ ಹೆಚ್ಚುವರಿ ಅಂತರ.

ಪಶ್ಚಿಮದಿಂದ ಬರುವವರು ಹಿಡಿಯುವ 190ನೇ ಸಂಖ್ಯೆಯ ರಾಜ್ಯ ಹೆದ್ದಾರಿಯು ಪ್ಯಾನಮಿಂಟ್ ಕಣಿವೆಗೆ ಇಳಿದು, ಅಲ್ಲಿಂದ 1,511 ಮೀಟರ್ ಎತ್ತರದ ಟೌನ್ ಪಾಸ್ ಎಂಬ ಕಣಿವೆಮಾರ್ಗವನ್ನು ಏರಿ, ಮೂವತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಸಮುದ್ರಮಟ್ಟದ ಸ್ಟೋವ್‌ಪೈಪ್ ವೆಲ್ಸ್‌ಗೆ ಬಂದು ಮುಟ್ಟುತ್ತದೆ. ಈ ಏರಿನ ಮೇಲೆ ವಾಹನಗಳು ಓಡಾಡತೊಡಗಿದ್ದು 1926ರಲ್ಲಿ. ಐಕ್‌ಬಾಮ್ ಎಂಬ ಸಾಹಸಿ ಉದ್ಯಮಿ ಸುಂಕದ ರಸ್ತೆಯೊಂದನ್ನು ನಿರ್ಮಿಸಿ, ಅದೇ ವರ್ಷದ ನವೆಂಬರಿನಲ್ಲಿ ಸ್ಟೋವ್‌ಪೈಪ್ ವೆಲ್ಸ್‌ನಲ್ಲಿ ತನ್ನ ಹೋಟೆಲನ್ನು ತೆರೆದನು. ಆದ್ದರಿಂದ 1920ರ ದಶಕದ ಫೋರ್ಡ್ ಮಾಡೆಲ್ ಎ ಕಾರೊಂದು ಈ ಏರನ್ನು ಹತ್ತುವಾಗ, ತನ್ನ ಕಾಲದ ಕಾರುಗಳು ಹತ್ತಿದ ಹಾದಿಯನ್ನೇ ಅದು ಮತ್ತೆ ಹತ್ತುತ್ತಿರುತ್ತದೆ ಎಂಬುದನ್ನು ಪಾಲ್ಗೊಳ್ಳುವವರು ಮರೆಯಬಾರದು. ಆ ಕಾಲದ ಚಾಲಕರು ಏರಿನ ನಡುವೆ ನಿಲ್ಲುವುದನ್ನು ಪ್ರಯಾಣದ ಭಾಗವೆಂದೇ ತಿಳಿದಿದ್ದರು.

ಎಂಜಿನ್ನನ್ನು ತಂಪಾಗಿಡುವ ನೀರು ಎಷ್ಟು ಉಷ್ಣತೆಯಲ್ಲಿ ಕುದಿಯುತ್ತದೆ ಎಂಬುದು ಅದರ ಮೇಲಿನ ಒತ್ತಡವನ್ನು ಅವಲಂಬಿಸಿದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಟೌನ್ ಪಾಸಿನ ಎತ್ತರದಲ್ಲಿ ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಎಂದರೆ, ಎಂಜಿನ್ ಅತಿ ಹೆಚ್ಚು ದುಡಿಯುವ ಏರಿನ ತುದಿಯಲ್ಲಿಯೇ ನೀರಿನ ತಾಳಿಕೆ ಅತಿ ಕಡಿಮೆಯಾಗಿರುತ್ತದೆ. ಎರಡನೆಯ ಮಹಾಯುದ್ಧಕ್ಕೂ ಹಿಂದಿನ ಬಹುಪಾಲು ಕಾರುಗಳ ರೇಡಿಯೇಟರ್, ಅಂದರೆ ನೀರನ್ನು ತಣಿಸುವ ಜಾಲರಿಪೆಟ್ಟಿಗೆ, ಹೊರಗಿನ ಗಾಳಿಗೆ ತೆರೆದೇ ಇರುತ್ತಿತ್ತು. ಆಮೇಲಿನ ಕಾರುಗಳಲ್ಲಿ ಬಂದ ಒತ್ತಡದ ಮುಚ್ಚಳವು ಅಡುಗೆಮನೆಯ ಕುಕ್ಕರಿನ ತೂಕದಂತೆಯೇ ಕೆಲಸ ಮಾಡಿ, ಚದರ ಅಂಗುಲಕ್ಕೆ 7 ಪೌಂಡ್ ಒತ್ತಡವನ್ನು ಹಿಡಿದಿಟ್ಟರೆ ಕುದಿಬಿಂದುವನ್ನು ಹತ್ತು ಡಿಗ್ರಿಗೂ ಹೆಚ್ಚು ಮೇಲಕ್ಕೆತ್ತುತ್ತದೆ. ಹೀಗಿರುವಾಗ, ಕೆಲವೇ ಡಾಲರಿನ ಆ ಮುಚ್ಚಳದ ರಬ್ಬರು ಒಣಗಿದೆಯೇ ಎಂದು ಹೊರಡುವ ಮುನ್ನ ನೋಡುವುದು ಬಣ್ಣಕ್ಕೆ ಮೆರುಗು ಕೊಡುವುದಕ್ಕಿಂತ ಎಷ್ಟೋ ಮುಖ್ಯವಾದ ಕೆಲಸ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದೆಂಬುದು ಎಲ್ಲರಿಗೂ ಗೊತ್ತಿದ್ದರೂ, ಸಾಲಿನ ಉಳಿದ ಕಾರುಗಳು ಕಾಯುತ್ತಿವೆ ಎಂಬ ಸಂಕೋಚದಿಂದ ಅವಸರಪಟ್ಟು ತೆರೆಯಲು ಹೋಗುವವರು ಇದ್ದೇ ಇರುತ್ತಾರೆ. ಅರ್ಧ ಗಂಟೆಯ ವಿಶ್ರಾಂತಿಯನ್ನು ವೇಳಾಪಟ್ಟಿಯಲ್ಲಿಯೇ ಬರೆದಿಟ್ಟರೆ ಆ ಸಂಕೋಚಕ್ಕೆ ಆಸ್ಪದವಿರುವುದಿಲ್ಲ.

ಏರಿನ ತುದಿಯಲ್ಲಿ ಕಾರನ್ನು ನಿಲ್ಲಿಸಿದೊಡನೆ ಎಂಜಿನ್ ಆರಿಸುವುದೂ ಸರಿಯಲ್ಲ. ಆರಿಸಿದ ಕ್ಷಣದಲ್ಲಿ ನೀರಿನ ಪಂಪೂ ಫ್ಯಾನೂ ನಿಂತುಹೋಗಿ, ಕಬ್ಬಿಣದಲ್ಲಿ ತುಂಬಿಕೊಂಡ ಶಾಖವು ನಿಂತ ನೀರಿಗೆ ಇಳಿಯುವುದರಿಂದ, ಓಡುವಾಗ ಕುದಿಯದ ರೇಡಿಯೇಟರ್ ನಿಂತ ಮೇಲೆ ಕುದಿಯುತ್ತದೆ. ಗಾಳಿಗೆ ಮುಖಮಾಡಿ ನಿಲ್ಲಿಸಿ, ಎರಡು ಮೂರು ನಿಮಿಷ ಎಂಜಿನ್ನನ್ನು ಸ್ವಲ್ಪ ಹೆಚ್ಚಿನ ವೇಗದಲ್ಲಿ ಬಿಟ್ಟು ಆಮೇಲೆ ಆರಿಸುವ ಕ್ರಮವನ್ನು ಹಿರಿಯ ಸದಸ್ಯರು ಹೊಸಬರಿಗೆ ಮೊದಲ ಪಾಠವಾಗಿ ಹೇಳುತ್ತಾರೆ.

ಪೆಟ್ರೋಲಿನ ವಿಷಯ ಇನ್ನೂ ಸೂಕ್ಷ್ಮವಾದುದು. 1950ರ ದಶಕದ ಬಹುಪಾಲು ಕಾರುಗಳಲ್ಲಿ ಇಂಧನದ ಪಂಪು ಬಿಸಿ ಎಂಜಿನ್ನಿನ ಮೈಗೇ ಅಂಟಿಕೊಂಡಿದ್ದು, ಹಿಂಬದಿಯ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿಕೊಂಡು, ಅದನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬ್ಯುರೇಟರಿಗೆ ತಲುಪಿಸುತ್ತದೆ. ಹೀರುವಾಗ ಕೊಳವೆಯೊಳಗಿನ ಒತ್ತಡ ಇಳಿಯುವುದರಿಂದ, ಬಿಸಿಯೇರಿದ ಪೆಟ್ರೋಲು ಅಲ್ಲಿಯೇ ಕುದಿದು ಆವಿಯಾಗಿ, ಪಂಪು ದ್ರವವನ್ನು ಎತ್ತಲಾರದೆ ಕಾರು ನಿಂತುಹೋಗುತ್ತದೆ. ವೇಪರ್ ಲಾಕ್ ಎಂದು ಕರೆಯಲಾಗುವ ಈ ತೊಂದರೆ ಕಡುಬೇಸಗೆಗೆ ಮಾತ್ರ ಸೇರಿದ್ದೆಂದು ಭಾವಿಸುವುದು ಸಹಜ. ಆದರೆ ಚಳಿಗಾಲದಲ್ಲಿ ಎಂಜಿನ್ ಸುಲಭವಾಗಿ ಶುರುವಾಗಲೆಂದು ತೈಲ ಕಂಪನಿಗಳು ಬೇಗ ಆವಿಯಾಗುವ ಮಿಶ್ರಣವನ್ನು ಮಾರುವುದರಿಂದ ಮತ್ತು ಕ್ಯಾಲಿಫೋರ್ನಿಯದ ಪೆಟ್ರೋಲಿನಲ್ಲಿ ಬೆರೆತಿರುವ ಶೇಕಡ 10ರಷ್ಟು ಎಥೆನಾಲ್ ಆ ಗುಣವನ್ನು ಇನ್ನಷ್ಟು ಹೆಚ್ಚಿಸುವುದರಿಂದ, ಚಳಿಗಾಲದ ಮಿಶ್ರಣವನ್ನು ತುಂಬಿಕೊಂಡು ಬಂದ ಕಾರು ಫೆಬ್ರವರಿಯ ಒಂದು ಬೆಚ್ಚನೆಯ ಮಧ್ಯಾಹ್ನದಲ್ಲಿಯೇ ನಿಂತುಬಿಡಬಹುದು. ಕರ್ನಾಟಕದ ಹಳೆಯ ಅಂಬಾಸಿಡರ್ ಮತ್ತು ಪದ್ಮಿನಿ ಚಾಲಕರು ಘಾಟಿ ಏರುವಾಗ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ ಉಪಾಯವೇ ಇಲ್ಲಿಯೂ ಕೈಹಿಡಿಯುತ್ತದೆ. ಶಾಶ್ವತ ಪರಿಹಾರವೆಂದರೆ ಟ್ಯಾಂಕಿನ ಬಳಿ ವಿದ್ಯುತ್ ಪಂಪೊಂದನ್ನು ಕೂಡಿಸಿ, ಪೆಟ್ರೋಲನ್ನು ಹೀರುವ ಬದಲು ಮುಂದಕ್ಕೆ ತಳ್ಳುವುದು. ಗಮನಿಸಬೇಕಾದ ಸಂಗತಿಯೆಂದರೆ, ಮಾಡೆಲ್ ಎ ಕಾರಿನಲ್ಲಿ ಪಂಪೇ ಇಲ್ಲ. ಅದರ ಟ್ಯಾಂಕು ಚಾಲಕನ ಎದುರಿಗೆ, ಗಾಜಿನ ಕೆಳಗೆ ಎತ್ತರದಲ್ಲಿದ್ದು ಪೆಟ್ರೋಲು ತಾನಾಗಿಯೇ ಇಳಿದುಬರುವುದರಿಂದ, ಸಾಲಿನಲ್ಲಿ ಅತ್ಯಂತ ಹಳೆಯದಾದ ಕಾರು ಈ ಒಂದು ವಿಷಯದಲ್ಲಿ ತನ್ನ ಕಿರಿಯರಿಗಿಂತ ನಿಶ್ಚಿಂತವಾಗಿರುತ್ತದೆ.

ಏರಿಗಿಂತ ಇಳಿಜಾರು ಅಪಾಯಕಾರಿ ಎಂಬುದನ್ನು ಲೇಖಕನು ಖಚಿತವಾಗಿ ಹೇಳಬಲ್ಲನು. ಡ್ರಮ್ ಬ್ರೇಕಿನಲ್ಲಿ, ಅಂದರೆ ಗಾಲಿಯೊಡನೆ ತಿರುಗುವ ಡಬ್ಬಿಯ ಒಳಮೈಗೆ ಬ್ರೇಕ್ ಶೂಗಳು ಒತ್ತಿಕೊಂಡು ವೇಗ ತಗ್ಗಿಸುವ ವ್ಯವಸ್ಥೆಯಲ್ಲಿ, ಬಿಸಿಯಾದ ಡಬ್ಬಿ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಶೂಗಳ ಹಿಡಿತ ಸಡಿಲುತ್ತದೆ, ವರ್ಷಗಟ್ಟಲೆ ಬದಲಿಸದ ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರಿಕೊಂಡಿದ್ದರೆ ಅದೂ ಕುದಿದು ಪೆಡಲು ನೆಲಕ್ಕಿಳಿಯುತ್ತದೆ. ಇದಕ್ಕೆ ಉತ್ತರ ಎಂಜಿನ್ನಿನ ಹಿಡಿತದಲ್ಲಿ ಇಳಿಯುವುದು. ಯಾವ ಗೇರಿನಲ್ಲಿ ಏರಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ನಿಯಮ ಇಂದಿಗೂ ಸುಳ್ಳಾಗಿಲ್ಲ. ಆದರೆ ಹಳೆಯ ಗೇರುಪೆಟ್ಟಿಗೆಗಳಲ್ಲಿ, ಓಡುತ್ತಿರುವಾಗ ಹಲ್ಲುಗಳ ವೇಗವನ್ನು ಹೊಂದಿಸಿಕೊಡುವ ಸಿಂಕ್ರೋಮೆಶ್ ಕೆಳಗಿನ ಗೇರಿಗೆ ಇರುವುದಿಲ್ಲ, ಮಾಡೆಲ್ ಎ ಕಾರಿನಲ್ಲಂತೂ ಯಾವ ಗೇರಿಗೂ ಇಲ್ಲ. ಹೀಗಾಗಿ ಇಳಿಜಾರಿನ ಮಧ್ಯದಲ್ಲಿ ಕೆಳಗಿನ ಗೇರಿಗೆ ಬರಲು ಯತ್ನಿಸಿದವನು ಗೇರೇ ಇಲ್ಲದೆ ಉರುಳುವ ಸ್ಥಿತಿಗೆ ಸಿಲುಕಬಹುದು. ಆದ್ದರಿಂದ ಟೌನ್ ಪಾಸಿನ ನೆತ್ತಿಯಲ್ಲಿಯೇ ಗೇರನ್ನು ಆರಿಸಿಕೊಂಡು, ಹತ್ತಿಪ್ಪತ್ತು ಕಾರುಗಳ ಅಂತರ ಬಿಟ್ಟು ಒಂದೊಂದಾಗಿ ಇಳಿಯುವುದು ಕಡ್ಡಾಯವಾಗಬೇಕು.

ಸಾಲಿನ ರಚನೆಯೂ ಇದಕ್ಕೆ ಹೊಂದಿಕೊಂಡಿರಬೇಕಾಗುತ್ತದೆ. ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ಬಹುಭಾಗದಲ್ಲಿ ಮೊಬೈಲ್ ಸಂಪರ್ಕ ಸಿಗುವುದಿಲ್ಲವಾದ್ದರಿಂದ, ಪ್ರತಿಯೊಬ್ಬ ಚಾಲಕನೂ ತನ್ನ ಹಿಂದಿನ ಕಾರಿಗೆ ಹೊಣೆಗಾರನೆಂಬ ನಿಯಮ ಎಲ್ಲ ಸಾಧನಗಳಿಗಿಂತಲೂ ಹೆಚ್ಚು ಫಲಕಾರಿ: ತಿರುವು ಬಂದಾಗ ಹಿಂದಿನ ಕಾರು ಕಣ್ಣಿಗೆ ಬೀಳುವವರೆಗೆ ನಿಂತು, ಆಮೇಲೆ ಮುಂದುವರಿಯಬೇಕು. ಕಟ್ಟಕಡೆಗೆ ಬಿಡಿಭಾಗಗಳು, ನೀರು ಮತ್ತು ಟ್ರೇಲರ್ ಹೊತ್ತ ನೆರವಿನ ವಾಹನ ಬರುತ್ತದೆ. ಎರಡು ಪಥಗಳ ರಸ್ತೆಯಲ್ಲಿ ಹಿಂದೆ ಐದು ಅಥವಾ ಹೆಚ್ಚು ವಾಹನಗಳು ಸಾಲುಗಟ್ಟಿದರೆ ನಿಧಾನವಾಗಿ ಹೋಗುವ ವಾಹನವು ಸುರಕ್ಷಿತ ಜಾಗದಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಡಬೇಕೆಂಬುದು ಕ್ಯಾಲಿಫೋರ್ನಿಯದ ಕಾನೂನು; ಆದ್ದರಿಂದ ಇಡೀ ಸಂಘ ಒಂದೇ ಸಾಲಾಗಿ ಹೊರಡುವುದಕ್ಕಿಂತ ನಾಲ್ಕೈದು ಕಾರುಗಳ ಗುಂಪುಗಳಾಗಿ, ನಿಧಾನದವು ಮೊದಲು ಹೊರಡುವುದೇ ಒಳ್ಳೆಯದು. ವೇಗದ ಕಾರುಗಳು ಮುಂದೆ ಹೋದಾಗ, ಅವುಗಳನ್ನು ಹಿಡಿಯುವ ಆಸೆಗೆ ಹಿಂದಿನವರು ತಮ್ಮ ಕಾರನ್ನು ದಣಿಸುತ್ತಾರೆ.

ಟೈರುಗಳ ಬಗ್ಗೆ ಒಂದು ಮಾತು ಸಾಕು: ಅಪರೂಪಕ್ಕೆ ಓಡುವ ಕಾರಿನ ಟೈರು ನೋಡಲು ಹೊಸದರಂತಿದ್ದರೂ ರಬ್ಬರು ವಯಸ್ಸಿನಿಂದಲೇ ಬಿರುಸಾಗುತ್ತದೆ, ಆದ್ದರಿಂದ ಪಕ್ಕದಲ್ಲಿ ಅಚ್ಚಾಗಿರುವ, ತಯಾರಾದ ವಾರವನ್ನೂ ವರ್ಷವನ್ನೂ ಹೇಳುವ ನಾಲ್ಕು ಅಂಕಿಗಳನ್ನು ಓದಿ ನಿರ್ಧರಿಸಬೇಕು.

ನೀರನ್ನು ಎರಡು ಲೆಕ್ಕದಲ್ಲಿ ಒಯ್ಯಬೇಕು. ಉದ್ಯಾನದ ಆಡಳಿತವು ಒಬ್ಬ ಮನುಷ್ಯನಿಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು ಬೇಕೆಂದು ಸೂಚಿಸುತ್ತದೆ. ರೇಡಿಯೇಟರಿನ ನೀರು ಅದರಿಂದ ಬೇರೆಯಾಗಿಯೇ ಇರಬೇಕು, ಏಕೆಂದರೆ ಕುದಿಯುವ ಕಾರಿಗೆ ಸುರಿದು ಖಾಲಿಯಾದ ಕ್ಯಾನು ಮನುಷ್ಯರನ್ನು ಕಾಯಲಾರದು. ರೇಡಿಯೇಟರಿನಿಂದ ಉಕ್ಕುವ ದ್ರವವನ್ನು ಹಿಡಿಯಲು ಬಾಟಲಿಯೊಂದನ್ನು ಕೊಳವೆಗೆ ಕಟ್ಟುವುದು ಸಣ್ಣ ಕೆಲಸವೆನಿಸಿದರೂ, ಆ ದ್ರವದಲ್ಲಿ ಬೆರೆತ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷವಾಗಿದ್ದು, ನೀರು ಸಿಗದ ಆ ನೆಲದಲ್ಲಿ ಅದನ್ನು ನೆಕ್ಕುವ ಪ್ರಾಣಿಗಳಿವೆ ಎಂಬುದನ್ನು ನೆನೆದರೆ ಅದು ಪ್ರತಿ ಕಾರಿಗೂ ಕಡ್ಡಾಯವಾಗಬೇಕಾದ ಶಿಸ್ತು. ಮಳೆಯ ಬಗ್ಗೆಯೂ ಎಚ್ಚರ ಅಗತ್ಯ: ವರ್ಷಕ್ಕೆ ಸುಮಾರು 50 ಮಿಲಿಮೀಟರ್ ಮಳೆ ಬೀಳುವ ಈ ಕಣಿವೆಯಲ್ಲಿ 2022ರ ಆಗಸ್ಟ್ 5ರಂದು ಕೆಲವೇ ಗಂಟೆಗಳಲ್ಲಿ 37 ಮಿಲಿಮೀಟರ್ ಸುರಿದು ಸುಮಾರು ಸಾವಿರ ಜನ ಸಿಲುಕಿಕೊಂಡರು, ಮರುವರ್ಷ ಹಿಲರಿ ಚಂಡಮಾರುತದ ಮಳೆಯಿಂದ ಕೊಚ್ಚಿಹೋದ ರಸ್ತೆಗಳ ಕಾರಣ ಉದ್ಯಾನವೇ ಅಕ್ಟೋಬರ್ 15ರವರೆಗೆ ಮುಚ್ಚಿತ್ತು. ಬೇಸಗೆಯ ಹಾನಿಯ ದುರಸ್ತಿ ಚಳಿಗಾಲದಲ್ಲಿಯೂ ಮುಂದುವರಿಯುವುದುಂಟಾದ್ದರಿಂದ, ಮಾರ್ಗಪುಸ್ತಿಕೆಯನ್ನು ಅಚ್ಚು ಮಾಡಿಸುವ ಮುನ್ನ ರಸ್ತೆಗಳ ಸ್ಥಿತಿಯನ್ನು ವಿಚಾರಿಸುವುದು ಸಂಘಟಕರ ಕರ್ತವ್ಯ.

ಎರಡನೆಯ ದಿನ ಸಾಮಾನ್ಯವಾಗಿ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಬ್ಯಾಡ್‌ವಾಟರ್ ಉಪ್ಪುಬಯಲಿನಿಂದ ಶುರುವಾಗಿ, ಅದರ ನೇರ ಮೇಲಿರುವ 1,669 ಮೀಟರ್ ಎತ್ತರದ ಡಾಂಟೆಸ್ ವ್ಯೂ ನೋಟದ ತಾಣದಲ್ಲಿ ಮುಗಿಯುತ್ತದೆ. ಅಲ್ಲಿಗೆ ಹೋಗುವ ರಸ್ತೆಯ ಕಡೆಯ ಏರು ತೀರ ಕಡಿದಾಗಿದ್ದು, ಹಿಂದಿನ ದಿನ ಬಿಸಿಯೇರಿ ದಣಿದ ಕಾರುಗಳಿಗೆ ಅದು ಸಲ್ಲುವುದಿಲ್ಲ. ಅಂಥವರು ದಾರಿಯ ನಡುವೆ ಟ್ರೇಲರ್‌ಗಳಿಗೆ ಮೀಸಲಾದ ಜಾಗದಲ್ಲಿ ಕಾರು ನಿಲ್ಲಿಸಿ ಇತರರ ಕಾರುಗಳಲ್ಲಿ ಮೇಲೆ ಹೋಗಬೇಕೆಂದು ಮಾರ್ಗಪುಸ್ತಿಕೆಯಲ್ಲಿಯೇ ಸೂಚಿಸಿ, ಯಾವ ಕಾರಿನಲ್ಲಿ ಎಷ್ಟು ಸೀಟು ಖಾಲಿ ಇದೆ ಎಂಬುದನ್ನು ಶನಿವಾರದ ರಾತ್ರಿಯ ಊಟದ ಹೊತ್ತಿಗೆ ಪಟ್ಟಿ ಮಾಡಿಟ್ಟುಕೊಂಡ ಸಂಘಗಳಲ್ಲಿ, ತನ್ನ ಕಾರನ್ನು ಕೆಳಗೆ ಬಿಟ್ಟುಬರಲು ಯಾರೂ ಹಿಂಜರಿಯುವುದಿಲ್ಲ.