ರಕ್ತದ ವರದಿ ಹೇಳುವುದೇನು, ಹೇಳದಿರುವುದೇನು? – ಒಂದು ಮರುಪಾಠದ ಅನುಭವ

ತರಗತಿ: 10  ವಿಷಯ: ವಿಜ್ಞಾನ  ಘಟಕ: ಜೀವಕ್ರಿಯೆಗಳು (ಸಾಗಾಣಿಕೆ)  ಅವಧಿ: 40 ನಿಮಿಷ

ಹಿನ್ನೆಲೆ

ಅಭ್ಯಾಸ ಬೋಧನೆಯ ಎರಡನೇ ವಾರ, ಅಪಧಮನಿಗಳ ಪಾಠಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಂದನ್ನು ಒಯ್ದಿದ್ದೆ. ಒಳಗೆ ಚಪಾತಿ ಹಿಟ್ಟು ಮೆತ್ತಿ, ಬಣ್ಣದ ನೀರು ಹರಿಸಿ, "ಕೊಬ್ಬು ಸೇರಿದರೆ ರಕ್ತನಾಳ ಹೀಗೆ ಕಟ್ಟಿಕೊಳ್ಳುತ್ತದೆ" ಎಂದೆ. ಮಕ್ಕಳಿಗೆ ಖುಷಿಯಾಯಿತು. ಆಗ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಮಿಸ್, ನಮ್ಮ ಮಾವನಿಗೆ ಸುಸ್ತು, ಎದೆನೋವು ಏನೂ ಇರಲಿಲ್ಲ. ಇಸಿಜಿನೂ ಸರಿ ಇತ್ತು. ಮತ್ತೆ ಹಾರ್ಟ್ ಅಟ್ಯಾಕ್ ಹೇಗಾಯ್ತು? ನೋವು ಮುಚ್ಚಿಟ್ಟಿದ್ದರು ಅಂತ ಮನೇಲಿ ಹೇಳ್ತಾರೆ."

ನನ್ನ ಕೊಳವೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ನಾಳೆ ಹೇಳುತ್ತೇನೆ" ಎಂದೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: "ಮಾದರಿ ಅಚ್ಚುಕಟ್ಟಾಗಿದೆ, ಆದರೆ ನಿಜವೇ?"

ವಿಷಯ ವಿಶ್ಲೇಷಣೆ

ಅಪಧಮನಿ ಬರೀ ಕೊಳವೆಯಲ್ಲ, ಜೀವಂತ ಅಂಗಾಂಶ. ಎಲ್‌ಡಿಎಲ್ ಕೊಲೆಸ್ಟ್ರಾಲ್ ಕಣಗಳು ಒಳಮೈಗೆ ಮೆತ್ತಿಕೊಳ್ಳುವುದಿಲ್ಲ. ಗೋಡೆಯೊಳಕ್ಕೆ ನುಸುಳಿ ಅಲ್ಲಿಯೇ ಉಳಿಯುತ್ತವೆ. ಅವನ್ನು ನುಂಗಲು ಬಿಳಿ ರಕ್ತಕಣಗಳು ಬರುತ್ತವೆ, ಉರಿಯೂತ ಉಂಟಾಗುತ್ತದೆ, ಪ್ಲಾಕ್ ಬೆಳೆಯುತ್ತದೆ. ಆಗ ಗೋಡೆ ಮೊದಲು ಹೊರಕ್ಕೆ ಹಿಗ್ಗುತ್ತದೆ. ಪ್ಲಾಕ್ ಸುಮಾರು 40% ಜಾಗ ಹಿಡಿಯುವವರೆಗೂ ರಕ್ತದ ದಾರಿ ಕಿರಿದಾಗದಿರಬಹುದೆಂದು 1987ರಲ್ಲಿ ಗ್ಲಾಗೊವ್ ಮತ್ತು ಸಂಗಡಿಗರು ತೋರಿಸಿದರು. ಇಂಥ ಪ್ಲಾಕ್ ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ದಾರಿ ಒಮ್ಮೆಲೇ ಮುಚ್ಚಬಹುದು. ಇಸಿಜಿ ತೋರಿಸುವುದು ಹೃದಯದ ವಿದ್ಯುತ್ ಚಟುವಟಿಕೆಯನ್ನು. ಗೋಡೆಯೊಳಗಿನ ಪ್ಲಾಕ್ ಅದರಲ್ಲಿ ಕಾಣುವುದಿಲ್ಲ.

ರಕ್ತಸೂಚಕಗಳು ಹೇಳುವುದು ಅಪಾಯದ ಪ್ರಮಾಣವನ್ನು. ಎಲ್‌ಡಿಎಲ್ ಪ್ಲಾಕಿನ ಕಚ್ಚಾವಸ್ತು. ಎಚ್‌ಬಿಎ1ಸಿ ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ. ಸಿಆರ್‌ಪಿ ಉರಿಯೂತವಿದ್ದಾಗ ಯಕೃತ್ತು ಹೆಚ್ಚಾಗಿ ತಯಾರಿಸುವ ಪ್ರೋಟೀನು. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 3ಕ್ಕಿಂತ ಹೆಚ್ಚಿದ್ದರೆ ಅಪಾಯ ಹೆಚ್ಚು ಎಂದು ಎಣಿಸುತ್ತಾರೆ. ಆದರೆ ಜ್ವರ, ಸೋಂಕು ಬಂದರೂ ಅದು ಏರುತ್ತದೆ. ಪ್ಲಾಕನ್ನೇ ನೋಡಬೇಕಾದರೆ ಅಲ್ಟ್ರಾಸೌಂಡ್, ಸಿಟಿ ಸ್ಕ್ಯಾನ್‌ನಂಥ ಚಿತ್ರಣ ಬೇಕು.

ಸ್ಪೇನಿನ 'ಪೆಸಾ' ಅಧ್ಯಯನ ಇದನ್ನೇ ಮಾಡಿತು. ಹೃದ್ರೋಗವಿಲ್ಲದ, 40ರಿಂದ 54 ವರ್ಷದ 4,184 ಬ್ಯಾಂಕ್ ನೌಕರರನ್ನು ಪರೀಕ್ಷಿಸಿದಾಗ 63% ಜನರಲ್ಲಿ ಪ್ಲಾಕಿನ ಆರಂಭಿಕ ಗುರುತುಗಳು ಕಂಡವು (2015). ಧೂಮಪಾನ, ರಕ್ತದೊತ್ತಡ, ಮಧುಮೇಹ, ಅಧಿಕ ಕೊಲೆಸ್ಟ್ರಾಲ್ ಯಾವುದೂ ಇಲ್ಲದವರಲ್ಲೂ ಸುಮಾರು ಅರ್ಧದಷ್ಟು ಮಂದಿಗೆ ಅವು ಇದ್ದವು. 'ನಾರ್ಮಲ್' ಎನ್ನುವ ಮಿತಿಯೊಳಗೂ ಎಲ್‌ಡಿಎಲ್ ಹೆಚ್ಚಿದಂತೆ ಪ್ಲಾಕ್ ಹೆಚ್ಚಿತ್ತು (2017).

ಮರುಪಾಠ

1. ಕಪ್ಪುಹಲಗೆಯ ಮೇಲೆ ಅಪಧಮನಿಯ ಮೂರು ಅಡ್ಡಸೀಳಿಕೆಗಳನ್ನು ಬರೆದೆ. ಮಕ್ಕಳು ದಾರದಿಂದ ಒಳವೃತ್ತದ ಅಗಲ ಅಳೆದರು: 12, 12, 7 ಸೆಂ.ಮೀ. ಎರಡನೆಯದರಲ್ಲಿ ಗೋಡೆ ದಪ್ಪವಾಗಿದ್ದರೂ ದಾರಿ ಅಷ್ಟೇ ಇತ್ತು. "ಈ ಮನುಷ್ಯನಿಗೆ ನೋವಿರುತ್ತದೆಯೇ?" ಎಂದು ಕೇಳಿದೆ.
2. ಕಾಲ್ಪನಿಕ ರಕ್ತದ ವರದಿಯೊಂದನ್ನು ಗುಂಪುಗಳಿಗೆ ಕೊಟ್ಟೆ. 'ಇದರಿಂದ ತಿಳಿಯುವುದು', 'ತಿಳಿಯದಿರುವುದು' ಎಂದು ಎರಡು ಪಟ್ಟಿ ಮಾಡಿದರು.

ಮಕ್ಕಳ ಮನೆಯ ವರದಿಗಳನ್ನು ತರಿಸಲಿಲ್ಲ. ಯಾರ ಕಾಯಿಲೆಯೂ ತರಗತಿಯ ಉಪಕರಣವಾಗಬಾರದು.

ಮೌಲ್ಯಮಾಪನ

ಪ್ರಶ್ನೆ: ವರದಿ ನಾರ್ಮಲ್ ಇದ್ದರೆ ಅಪಧಮನಿ ಆರೋಗ್ಯವಾಗಿದೆ ಎನ್ನಬಹುದೇ? ಹೆಚ್ಚಿನವರು ಸರಿಯಾಗಿ ಬರೆದರು. ಕೆಲವರು ಮಾತ್ರ "ರಕ್ತಪರೀಕ್ಷೆಯಿಂದ ಪ್ರಯೋಜನವಿಲ್ಲ" ಎಂದು ಇನ್ನೊಂದು ತುದಿಗೆ ಹೋಗಿದ್ದರು. ಹಳೆಯ ತಪ್ಪು ಕಲ್ಪನೆ ತೆಗೆಯಲು ಹೋಗಿ ಹೊಸದನ್ನು ಬಿತ್ತಿದ್ದೆ. ವರದಿ ಸುಳ್ಳಲ್ಲ, ಕೇಳಿದಷ್ಟಕ್ಕೆ ಮಾತ್ರ ಉತ್ತರಿಸುತ್ತದೆ. ಎಲ್‌ಡಿಎಲ್, ರಕ್ತದೊತ್ತಡ ತಗ್ಗಿಸಿದರೆ, ಧೂಮಪಾನ ಬಿಟ್ಟರೆ ಅಪಾಯ ತಗ್ಗುತ್ತದೆ. ಇದಕ್ಕೆ ಮರುದಿನದ ಹತ್ತು ನಿಮಿಷ ಬೇಕಾಯಿತು.

ಅವಲೋಕನ

ಪಾಠ ಮುಗಿದ ಮೇಲೆ ಆ ವಿದ್ಯಾರ್ಥಿನಿ ಹಲಗೆಯ ಎರಡನೇ ಚಿತ್ರವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತ, "ಹಾಗಾದ್ರೆ ಮಾವ ಏನೂ ಮುಚ್ಚಿಟ್ಟಿರಲಿಲ್ಲವೇನೋ, ಅಲ್ವಾ ಮಿಸ್?" ಎಂದಳು. "ಅವರಿಗೇ ಗೊತ್ತಾಗದೆ ಇದ್ದಿರಬಹುದು" ಎಂದೆ. ಸಹ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮಾದರಿ ತೋರಿಸಿದ ದಿನವೇ ಅದು ಎಲ್ಲಿ ಸೋಲುತ್ತದೆ ಎಂಬುದನ್ನೂ ಹೇಳಿಬಿಡೋಣ.